ಪಟ್ಟದ ಹೋರಿಗೊಬ್ಬ ಸೈತಾನನ ವಕೀಲ

ಈ ಕಥೆಯನ್ನು ಮೊದಲು ಹೇಳಿದವರು ತೊಳುಪಟ್ಟಿಯ ದನಗಾಹಿ ಮೂಕಯ್ಯ. ಹೇಳಿದ್ದು ಸಾವಿರದ ಒಂಬೈನೂರ ತೊಂಬತ್ತೊಂಬತ್ತರ ಚಿತ್ತಿರೆ ಎಂಬ ಚೈತ್ರ ತಿಂಗಳ ಒಂದು ಭಾನುವಾರ ಇಳಿಹೊತ್ತಿನಲ್ಲಿ, ದೊಡ್ಡಿಯ ಎದುರಿನ ಹುಣಸೆಮರದ ಕೆಳಗೆ, ಏಳು ಜನ ಕೇಳುಗರಿಗೆ. ಆಮೇಲೆ ಇದೇ ಕಥೆ ಬತ್ತಲಗುಂಡಿನ ಬಸ್ಸಿನಲ್ಲಿಯೂ ದಿಂಡಿಗಲ್ಲಿನ ಒಂದು ಬೀಗದಂಗಡಿಯಲ್ಲಿಯೂ ಬೇರೆ ಬಾಯಿಗಳಿಂದ ಕೇಳಿಬಂದಿದೆ. ಅಲ್ಲೆಲ್ಲ ಹೋರಿಗಳ ಸಂಖ್ಯೆ ಹೆಚ್ಚಿದೆ, ಕಬ್ಬು ಒಂದು ಮೊಳ ಉದ್ದವಾಗಿದೆ. ಮೂಕಯ್ಯನವರು ಪಟ್ಟದ ದಿನ ದೊಡ್ಡಿಯ ಒಳಗೇ ನಿಂತಿದ್ದವರಾದ್ದರಿಂದ ಅವರು ಹೇಳಿದಂತೆಯೇ ಇಲ್ಲಿ ಬರೆಯಲಾಗಿದೆ.

ತೊಳುಪಟ್ಟಿ ತಮಿಳು ಸೀಮೆಯ ಕಂಬಂ ಕಣಿವೆಯಲ್ಲಿ ಕನ್ನಡ ಮಾತನಾಡುವ ಒಕ್ಕಲು ಮನೆಗಳ ಒಂದು ಸಣ್ಣ ಊರು. ದೇವರ ದನಗಳ ದೊಡ್ಡಿಗೆ ಅವರು ತೊಳು ಎನ್ನುತ್ತಾರೆ. ಊರಿಗೆ ಹೆಸರು ಬಂದದ್ದೂ ಅದರಿಂದಲೇ. ತೊಳುವಿಗೆ ಹರಕೆಯಾಗಿ ಕೊಟ್ಟ ಕರುವನ್ನು ಯಾರೂ ನೊಗಕ್ಕೆ ಕಟ್ಟುವುದಿಲ್ಲ, ಮಾರುವುದಿಲ್ಲ, ಬೈಯುವುದೂ ಇಲ್ಲ. ಹಿಂಡಿಗೆ ಒಬ್ಬ ಅರಸ, ಪಟ್ಟದ ಹೋರಿ. ಹಳೆಯ ಅರಸ ತೀರಿಕೊಂಡರೆ ಹೊಸಬನನ್ನು ಆರಿಸುವ ಅಧಿಕಾರ ಮನುಷ್ಯರಿಗಿಲ್ಲ. ತೊಳುವಿನೊಳಗೆ ಊರ ಯಜಮಾನ ಕಬ್ಬಿನ ಜಲ್ಲೆ ಹಿಡಿದು ನಿಲ್ಲುತ್ತಾನೆ. ಯಾರು ಮೊದಲು ಬಂದು ಕಚ್ಚುತ್ತಾರೋ ಅವರಿಗೆ ಪಟ್ಟ. ಆ ಹೋರಿಯನ್ನು ಕೊಟ್ಟ ಮನೆಗೆ ಪರಿವಟ್ಟ, ಅಂದರೆ ದೇವರ ಮೈಮೇಲಿನ ವಸ್ತ್ರವನ್ನು ಊರೆದುರು ಕಟ್ಟಿಸಿಕೊಳ್ಳುವ ಮರ್ಯಾದೆ.

ತೊಂಬತ್ತೆಂಟರ ಮಾರ್ಗಳಿಯಲ್ಲಿ, ಅಂದರೆ ಧನುರ್ಮಾಸದಲ್ಲಿ, ಹಳೆಯ ಅರಸ ಕಣ್ಣುಮುಚ್ಚಿದಾಗ ಊರಿನ ಬಾಯಲ್ಲೆಲ್ಲ ಒಂದೇ ಹೆಸರಿತ್ತು: ಮಯಿಲ. ಬೂದುಬಣ್ಣ, ಅಗಲವಾದ ಎದೆ, ಅಳೆದು ಇಟ್ಟಂಥ ನಡಿಗೆ. ಮಯಿಲ ಹುಟ್ಟಿದ್ದು ರಾಮರ್ ಮನೆಯಲ್ಲಿ. ಹುಟ್ಟಿದಾಗ ತಾಯಿಯ ಕೆಚ್ಚಲಲ್ಲಿ ಹಾಲಿಳಿಯಲಿಲ್ಲವೆಂದು ರಾಮರ್ ಹೆಂಡತಿ ರಂಗಮ್ಮಾಳ್ ರಾಗಿ ಗಂಜಿ ಕಾಯಿಸಿ, ತನ್ನ ಬೆರಳು ಚೀಪಿಸಿ ಅವನನ್ನು ಉಳಿಸಿದ್ದಳು; ಒಂದು ವರ್ಷ ತುಂಬಿದ ದಿನ ಕಣ್ಣೊರೆಸಿಕೊಂಡು ತೊಳುವಿಗೆ ಒಪ್ಪಿಸಿದ್ದಳು. ಆಕೆ ದೇವರ ಹತ್ತಿರ ಅಲ್ಲಿಯವರೆಗೆ ಏನನ್ನೂ ಕೇಳಿದವಳಲ್ಲ. ಈಗ ಕೇಳಿದ್ದು ಇದೊಂದೇ: ಮಯಿಲನಿಗೆ ಪಟ್ಟವಾಗಬೇಕು.

ಆಗಬಾರದೆಂದು ಊರಿನಲ್ಲಿ ಒಬ್ಬನೂ ಹೇಳುವಂತಿರಲಿಲ್ಲ. ಹೇಳಿದವನು ರಾಮರ್.

ರಾಮರ್ ಕೆಟ್ಟವನಲ್ಲ, ಇಂಗ್ಲಿಷು ಕಲಿಯುತ್ತಿದ್ದ. ತೇನಿ ಹೊಸದಾಗಿ ಜಿಲ್ಲೆಯಾಗಿ, ಕಚೇರಿಗಳು ಒಂದರ ಹಿಂದೆ ಒಂದು ತೆರೆದು, ಅವುಗಳಲ್ಲೊಂದರ ತಪಾಲು ವಿಭಾಗದಲ್ಲಿ ಅವನು ಗುಮಾಸ್ತನಾಗಿದ್ದ. ಬಂದ ಕಾಗದಕ್ಕೆ ನಂಬರು ಹಾಕುವುದು, ಹೋಗುವ ಕಾಗದಕ್ಕೆ ನಂಬರು ಹಾಕುವುದು. ಚೆನ್ನೈನಿಂದ ಬಂದ ಅಧಿಕಾರಿ ಮಾತಿಗೊಮ್ಮೆ ಇಂಗ್ಲಿಷಿನ ನುಡಿಗಟ್ಟು ಉದುರಿಸುತ್ತಿದ್ದರು. ಒಮ್ಮೆ ಅವರು "ನನ್ನನ್ನು ಸ್ಕೇಪ್‌ಗೋಟ್ ಮಾಡಬೇಡಿ" ಎಂದಾಗ ರಾಮರ್, ಯಾವುದೋ ಆಡು ಕಳೆದುಹೋಗಿದೆಯೆಂದು ತಿಳಿದು, ಮರುಕದಿಂದ ತಲೆಯಾಡಿಸಿದ. ಮರುದಿನವೇ ಬಸ್ ನಿಲ್ದಾಣದ ಹಿಂದಿನ ಟೈಪ್‌ರೈಟಿಂಗ್ ಶಾಲೆಯ ಸವರಿಮುತ್ತು ಮಾಸ್ತರರ ಬಳಿ ಹೋಗಿ ಕುಳಿತ.

ದಿಂಡಿಗಲ್ಲಿನಿಂದ ತೇನಿಗೆ ಬಂದು ನೆಲೆಸಿದ್ದ ಸವರಿಮುತ್ತು ಮಾಸ್ತರರು ಯಾವ ಮಾತನ್ನೂ ಬೇರು ಕೀಳದೆ ಬಿಡುವವರಲ್ಲ. ಶನಿವಾರಕ್ಕೆ ಒಂದು ನುಡಿಗಟ್ಟು. ಅದರ ಹಿಂದಿನ ಆಚರಣೆಯ ಸಮೇತ.

"ಹಳೆಯ ಕಾಲದ ಯೆಹೂದ್ಯರಲ್ಲಿ, ವರ್ಷಕ್ಕೊಮ್ಮೆ ಪೂಜಾರಿ ಒಂದು ಆಡಿನ ತಲೆಯ ಮೇಲೆ ಕೈಯಿಟ್ಟು ಜನರ ಪಾಪವನ್ನೆಲ್ಲ ಅದರ ಮೇಲೆ ಹೊರಿಸುತ್ತಿದ್ದ. ಆಮೇಲೆ ಅದನ್ನು ಮರುಭೂಮಿಗೆ ಅಟ್ಟಿಬಿಡುತ್ತಿದ್ದರು."

"ಅಟ್ಟಿಬಿಡ್ತಿದ್ರಾ ಸಾರ್? ಕೊಯ್ತಿರಲಿಲ್ಲವಾ?"

"ಒಂದನ್ನು ಕೊಯ್ಯುತ್ತಿದ್ದರು. ಇನ್ನೊಂದನ್ನು ಅಟ್ಟುತ್ತಿದ್ದರು."

ರಾಮರ್, "ನಮ್ಮೂರಲ್ಲಿ ಎರಡನ್ನೂ ಕೊಯ್ದು ಕುಳಂಬು ಮಾಡಿಬಿಡ್ತಾರೆ ಸಾರ್. ಅದಕ್ಕೇ ನಮ್ಮ ಪಾಪ ಊರಲ್ಲೇ ಉಳಿದಿರೋದು" ಎಂದವನು ಅದನ್ನೂ ನೋಟುಬುಕ್ಕಿನಲ್ಲಿ ಬರೆದುಕೊಂಡ.

ಹೀಗೆ ಅವನಿಗೆ ಹುಚ್ಚು ಹಿಡಿಯಿತು. ಕಚೇರಿಯಲ್ಲಿ ದಿನವೂ ಕಿವಿಯ ಮೇಲೆ ಬೀಳುವ ಸಪ್ಪೆ ಮಾತಿನ ಹಿಂದೆ ಒಂದೊಂದು ಗುಡಿ, ಒಂದೊಂದು ಪೂಜೆ! 'ಸೇಕ್ರೆಡ್ ಕೌ' ಎಂಬ ಮಾತು ಬಂದ ಶನಿವಾರ ಮಾಸ್ತರರು ನಕ್ಕು, "ಇದು ಮಾತ್ರ ನಿಮ್ಮ ಮನೆಯಿಂದಲೇ ಹೋದದ್ದು ಕಣಯ್ಯ" ಎಂದಾಗ ರಾಮರ್‌ಗೆ ಎದೆ ಉಬ್ಬಿ, ಕಂಬಂ ಬಸ್ಸಿನಲ್ಲಿ ಸೀಟು ಸಿಕ್ಕಿದರೂ ನಿಂತೇ ಬಂದ. ತೊಳುಪಟ್ಟಿಯ ದನ ಲಂಡನ್ನಿನ ಬಾಯಲ್ಲಿ ಮೇಯುತ್ತಿದೆಯೆಂದರೆ ಸಾಮಾನ್ಯವೇ?

ಅದರ ಮುಂದಿನ ಶನಿವಾರದ ಪಾಠವೇ ಊರಿಗೆ ಗಂಡಾಂತರವಾದದ್ದು: ಡೆವಿಲ್ಸ್ ಅಡ್ವೊಕೇಟ್.

"ರೋಮಿನಲ್ಲಿ ಒಬ್ಬ ಸತ್ಪುರುಷನಿಗೆ ಸಂತ ಪದವಿ ಕೊಡಬೇಕಾದರೆ ಸುಮ್ಮನೆ ಕೊಡುತ್ತಿರಲಿಲ್ಲ," ಎಂದರು ಮಾಸ್ತರರು. "ಅವನ ವಿರುದ್ಧ ವಾದಿಸುವುದಕ್ಕೆಂದೇ ಚರ್ಚು ಒಬ್ಬನನ್ನು ನೇಮಿಸುತ್ತಿತ್ತು. ಇವನು ಮಾಡಿದ ಪವಾಡ ಪವಾಡವೇ ಅಲ್ಲ, ಇವನ ಭಕ್ತಿಯಲ್ಲಿ ಇಂಥ ಲೋಪವಿದೆ ಎಂದು ಅವನು ಹುಡುಕಿ ಹುಡುಕಿ ಹೇಳಬೇಕು. ಜನ ಅವನಿಗಿಟ್ಟ ಹೆಸರು ಸೈತಾನನ ವಕೀಲ."

"ಅವನಿಗೆ ಆ ಸಂತನ ಮೇಲೆ ದ್ವೇಷವಾ ಸಾರ್?"

"ಎಳ್ಳಷ್ಟೂ ಇಲ್ಲ. ಅದು ಅವನ ಕೆಲಸ. ಅವನ ವಾದವನ್ನೂ ದಾಟಿ ಗೆದ್ದ ಮೇಲೆ ಆ ಸಂತನ ಬಗ್ಗೆ ಮುಂದೆ ಯಾರಿಗೂ ಸಂದೇಹ ಉಳಿಯಬಾರದು."

ರಾಮರ್ ಪೆನ್ನಿನ ಮುಚ್ಚಳ ಹಾಕುವುದನ್ನೂ ಮರೆತ. ಯಾರೂ ವಾದಿಸದೆ ಸಿಕ್ಕಿದ ಪಟ್ಟ ಅರೆಪಟ್ಟ. ಮಯಿಲನಿಗೆ ಅರೆಪಟ್ಟ ಸಿಗುವುದನ್ನು ಸ್ವಂತ ಮನೆಯವನಾಗಿ ಅವನು ಹೇಗೆ ನೋಡಿಕೊಂಡಿರಲಿ?

ಪಟ್ಟಕ್ಕೆ ಹದಿನೈದು ದಿನ ಮೊದಲು ತೊಳುಪಟ್ಟಿಯಲ್ಲಿ ಕುಂದು ಕೇಳುವ ದಿನವೆಂದು ಒಂದು ಶಾಸ್ತ್ರವಿದೆ. ಯಜಮಾನ ಒಂದೊಂದು ಹೋರಿಯ ಹೆಸರು ಕರೆದು, "ಯಾರಿಗಾದ್ರೂ ಕುಂದುಂಟಾ?" ಎಂದು ಮೂರು ಸಲ ಕೇಳುತ್ತಾನೆ, ಊರು ಮೂರು ಸಲವೂ ಸುಮ್ಮನಿರುತ್ತದೆ, ಎಲೆ ಅಡಿಕೆ ಹಂಚುತ್ತಾರೆ. ಪ್ರಶ್ನೆಗೆ ಉತ್ತರವೂ ಇರಬಹುದೆಂದು ಬದುಕಿದ್ದವರಲ್ಲಿ ಯಾರಿಗೂ ತೋಚಿರಲಿಲ್ಲ.

ಯಜಮಾನ ಕಾಳಿಮುತ್ತು ಆ ದಿನ ಮಯಿಲನ ಹೆಸರು ಕರೆದು ಮೂರನೆಯ ಸಲ "ಕುಂದುಂಟಾ?" ಎನ್ನುತ್ತಲೇ ಎಲೆಯ ತಟ್ಟೆಗೆ ಕೈಯಿಟ್ಟಿದ್ದರು.

"ಉಂಟು ಪೆರಿಯಪ್ಪಾ," ಎಂದು ರಾಮರ್ ಎದ್ದುನಿಂತ.

ಕಾಳಿಮುತ್ತು ತಮ್ಮ ಕಿವಿಯನ್ನೇ ನಂಬದೆ, "ಎಲೆ ಸಾಕಾಗಲ್ವಾ?" ಎಂದು ಕೇಳಿದರು.

"ಮಯಿಲನ ಮೇಲೆ ಕುಂದುಂಟು. ಒಂದಲ್ಲ, ನಾಲ್ಕು." ರಾಮರ್ ನೋಟುಬುಕ್ಕು ತೆರೆದ. "ಒಂದು, ಅವನಿಗೆ ಲಾರಿ ಹಾರ್ನ್ ಕೇಳಿದ್ರೆ ಕಾಲು ನಡುಗುತ್ತೆ. ಎರಡು, ಹೋದ ವರ್ಷ ಮುನಿಯಮ್ಮಾಳ್ ಅಜ್ಜಿ ಒಣಗಾಕಿದ್ದ ಸೀಲೆಯ ಸೆರಗು ತಿಂದವ್ನೆ. ಮೂರು, ಆಡಿನ ಮರಿ ಎದುರು ಬಂದ್ರೆ ದಾರಿ ಬಿಡ್ತಾನೆ. ಅರಸನಾದವನು ದಾರಿ ಬಿಡಬಹುದಾ? ನಾಲ್ಕು, ಪೂಜೆ ಮಾಡುವಾಗ ಆಕಳಿಸ್ತಾನೆ. ಭಕ್ತಿ ಕಮ್ಮಿ."

ವಾದ ಚೆನ್ನಾಗಿಯೇ ಬಂತೆಂದು ಅವನಿಗೆ ತೃಪ್ತಿಯಾಯಿತು. ಇನ್ನು ಎದುರು ವಕೀಲ ಏಳಬೇಕು. ರೋಮಿನಲ್ಲಿ ಸಂತನ ಪರವಾಗಿ ಒಬ್ಬ ಇದ್ದೇ ಇರುತ್ತಿದ್ದನಲ್ಲ! ಅವನು ಸುತ್ತ ನೋಡಿದ. ಎದುರು ವಕೀಲನನ್ನು ನೇಮಿಸುವುದನ್ನೇ ತಾನು ಮರೆತಿದ್ದೇನೆಂದು ಅವನಿಗೆ ಹೊಳೆದದ್ದು ಆಗಲೇ. ಪಕ್ಕದಲ್ಲಿ ಕುಳಿತಿದ್ದ ಹೆಂಡತಿಯ ತಮ್ಮ ಶಕ್ತಿವೇಲನನ್ನು ಮೆಲ್ಲಗೆ ತಿವಿದ.

"ಮಾಪ್ಳೆ, ಎದ್ದು ಇಲ್ಲ ಅನ್ನಪ್ಪ."

"ನಾ ಯಾಕೆ ಇಲ್ಲ ಅನ್ಲಿ ಮಾಮಾ?" ಶಕ್ತಿವೇಲನ ಮನೆಯ ಹೋರಿ ಕಾರಿ ಎಂಬುದು ಮಯಿಲನ ನಂತರದ ಉಮೇದುವಾರ. "ನೀವು ಹೇಳಿದ್ದೆಲ್ಲಾ ಸತ್ಯಂ ತಾನೆ. ಆಕಳಿಸೋದನ್ನ ನಾನೇ ನೋಡಿವ್ನಿ."

ಹೆಂಗಸರ ಸಾಲಿನಿಂದ ರಂಗಮ್ಮಾಳ್ ಎದ್ದಳು. ಸೆರಗು ಬಿಗಿದುಕೊಂಡು ಮನೆಗೆ ನಡೆದಳು.

ಆ ಸಂಜೆಯಿಂದ ಆಕೆ ಗಂಡನೊಡನೆ ಮಾತು ಬಿಟ್ಟಳು. ಹೇಳಬೇಕಾದದ್ದನ್ನೆಲ್ಲ ಹಿತ್ತಿಲಲ್ಲಿ ಕಟ್ಟಿದ್ದ ಹಸುವಿಗೆ, ಅಂದರೆ ಮಯಿಲನ ತಾಯಿಗೆ, ಹೇಳತೊಡಗಿದಳು. "ಲಚ್ಚುಮೀ, ನಿನ್ ಮಗನ್ನ ಭಕ್ತಿ ಕಮ್ಮಿ ಅಂದ ಮಾರಾಜರು ಬಂದವ್ರೆ. ರಾಗಿ ಕಳಿ ಉಂಬ್ತಾರಾ ಕೇಳು."

"ಲಚ್ಚುಮೀ," ಎಂದ ರಾಮರ್ ಕಂಬಕ್ಕೊರಗಿ, "ಇದು ದ್ವೇಷ ಅಲ್ಲ, ಉದ್ಯೋಗ ಅಂತ ಹೇಳು."

"ಲಚ್ಚುಮೀ, ಆ ಉದ್ಯೋಗ ಕೊಟ್ಟವನು ಯಾರು ಅಂತ ಕೇಳು."

ಲಚ್ಚುಮಿ ಎರಡೂ ಕಡೆಯ ವಾದವನ್ನು ಕೇಳಿ ಮೆಲುಕು ಹಾಕಿತು.

ಕುಂದು ಬಂದದ್ದಾಯಿತು, ಬಂದ ಕುಂದನ್ನು ಏನು ಮಾಡಬೇಕೆಂದು ಯಜಮಾನರಿಗೆ ತಿಳಿಯದು. ಊರಿನವರೆಲ್ಲ ಸೇರಿ ತೊಂಬತ್ತು ದಾಟಿದ ಮುನಿಯಮ್ಮಾಳ್ ಅಜ್ಜಿಯ ಜಗಲಿಗೆ ಹೋದರು. ಅಜ್ಜಿ ಕಣ್ಣುಮುಚ್ಚಿ ತನ್ನ ಅತ್ತೆಯ ಕಾಲಕ್ಕೆ ಹೋಗಿ ಬಂದಳು.

"ಐತೆ ಕಣ್ರಲಾ, ಅದಕ್ಕೂ ಕಟ್ಟಳೆ ಐತೆ. ಕುಂದು ಹೇಳ್ದವನು ಪಟ್ಟಕ್ಕೆ ಮುಂಚೆ ಒಂದು ಹಗಲು ಒಂದು ರಾತ್ರಿ ಉಪಾಸ ಇರ್ಬೇಕು. ಪಟ್ಟದ ದಿನ ಯಜಮಾನ ಕಬ್ಬು ಹಿಡಿಯೋ ಹಂಗಿಲ್ಲ. ಇವನೇ ಹಿಡ್ಕೊಂಡು ತೊಳುವಿಗೆ ಇಳೀಬೇಕು. ಹೋರಿ ಮೊಕಕ್ಕೇ ಕುಂದು ಹೇಳ್ಬೇಕು. ಅದು ಇವನ ಕಬ್ಬು ಬಂದು ತಗಂಡ್ರೆ ಕುಂದು ಬಿತ್ತು, ಪಟ್ಟ ಅದಕ್ಕೇ. ತಗಳ್ದೆ ಹೋದ್ರೆ ಕುಂದು ನಿಂತಿತು. ಆ ಹೋರಿಗೆ ಜಲ್ಮದಲ್ಲಿ ಪಟ್ಟ ಇಲ್ಲ."

ಜಲ್ಮದಲ್ಲಿ ಇಲ್ಲ ಎಂಬ ಮಾತು ಕೇಳಿ ರಾಮರ್ ನೋಟುಬುಕ್ಕು ತಿರುವಿ ನೋಡಿದ. ಸವರಿಮುತ್ತು ಮಾಸ್ತರರು ಈ ಭಾಗವನ್ನು ಹೇಳಿರಲಿಲ್ಲ.

ಆದರೆ ಮಾರನೆಯ ಬೆಳಿಗ್ಗೆ ಅವನು ಚಹದಂಗಡಿಯ ಮುಂದೆ ತಲೆ ತಗ್ಗಿಸಿ ಹೋಗುತ್ತಿದ್ದರೆ, ಬೈಗುಳದ ಬದಲು ಚಪ್ಪಾಳೆ ಬಂತು. ರಾತ್ರಿಯೆಲ್ಲ ಊರು ಯೋಚಿಸಿತ್ತು. ಕುಂದು ಹೇಳಿದವನೇ ಕಬ್ಬು ಹಿಡಿಯಬೇಕು. ಮಯಿಲ ರಾಮರ್ ಮನೆಯ ಅನ್ನ ತಿಂದು ಬೆಳೆದವನು. ಮನೆಯವನ ಕೈಗೆ ಬಾರದೆ ಇನ್ಯಾರ ಕೈಗೆ ಬಂದಾನು?

"ಏ ಅಣ್ಣೇ, ನೀ ಸಾಮಾನ್ಯದವನಲ್ಲ!" ಎಂದ ಅಂಗಡಿಯ ವೇಲು, ಚಹದ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಕೊಡುತ್ತ. "ಕಟ್ಟಳೆ ಪೂರಾ ತಿಳ್ಕೊಂಡೇ ಬಾಯಿ ಬಿಟ್ಟಿದ್ದೀಯ. ಆಫೀಸು ತಲೆ ಅಂದ್ರೆ ಆಫೀಸು ತಲೆ."

"ಅಯ್ಯೋ, ಅದು ಹಂಗಲ್ಲಪ್ಪ. ರೋಮಿನಲ್ಲಿ..."

"ಆಮಾ ಆಮಾ, ರೋಮಿನಲ್ಲಿ!" ಎಂದು ವೇಲು ಕಣ್ಣು ಮಿಟುಕಿಸಿದ.

ಮೂರ್ಖನೆನ್ನಿಸಿಕೊಂಡರೆ ಮನುಷ್ಯ ಹೇಗೋ ತಪ್ಪಿಸಿಕೊಳ್ಳಬಹುದು, ಜಾಣನೆನ್ನಿಸಿಕೊಂಡವನಿಗೆ ದಾರಿಯಿಲ್ಲ. ರಾಮರ್ ನಿಜ ಹೇಳಿದಷ್ಟೂ ಊರಿಗೆ ಅವನ ಆಳ ಹೆಚ್ಚಾಗಿ ಕಂಡಿತು.

ಶಕ್ತಿವೇಲ್ ಮಾತ್ರ ಚಹ ಕುಡಿಯಲಿಲ್ಲ. ನೇರವಾಗಿ ತೇನಿಗೆ ಹೋಗಿ ಸರ್ಕಾರಕ್ಕೆ ಒಂದು ಅರ್ಜಿ ಕೊಟ್ಟ: ತೊಳುಪಟ್ಟಿಯ ಪಟ್ಟಾಭಿಷೇಕದಲ್ಲಿ ಮೋಸ ನಡೆಯಲಿದೆ, ತನ್ನ ಅಕ್ಕನ ಗಂಡನೇ ಸೂತ್ರಧಾರ. ಅರ್ಜಿ ತಪಾಲು ವಿಭಾಗಕ್ಕೆ ಬಂತು. ಸೂತ್ರಧಾರನೇ ಅದಕ್ಕೆ ನಂಬರು ಹಾಕಿ, ಮೊಹರು ಒತ್ತಿ, ಅಧಿಕಾರಿಗಳ ಮೇಜಿನ ಮೇಲಿಟ್ಟು ಕೈಕಟ್ಟಿ ನಿಂತ.

ಅಧಿಕಾರಿ ಎರಡು ಸಲ ಓದಿದರು. "ಏನಯ್ಯಾ ಇದು? ಸೇಕ್ರೆಡ್ ಕೌ ವಿಷಯಕ್ಕೆಲ್ಲ ನಾನು ಕೈ ಹಾಕೋದಿಲ್ಲ."

"ಕೌ ಅಲ್ಲ ಸಾರ್, ಹೋರಿ. ನಾನು ಅದರ ಡೆವಿಲ್ಸ್ ಅಡ್ವೊಕೇಟ್."

ಅಧಿಕಾರಿ ಕನ್ನಡಕ ತೆಗೆದು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಅರ್ಜಿಯ ಅಂಚಿನಲ್ಲಿ 'ಸಂಬಂಧಪಟ್ಟ ಹೋರಿಯ ಅಭಿಪ್ರಾಯ ಪಡೆದು ಕ್ರಮ ಕೈಗೊಳ್ಳುವುದು' ಎಂದು ಬರೆದು ಸಹಿ ಹಾಕಿದರು. ಹೋಗುವ ಕಾಗದವಾದ್ದರಿಂದ ರಾಮರ್ ಅದಕ್ಕೆ ಮತ್ತೊಂದು ನಂಬರು ಹಾಕಿದ.

ಸರ್ಕಾರದ ಆಜ್ಞೆ ಕೈಗೆ ಬಂದ ಮೇಲೆ ಶಕ್ತಿವೇಲ್ ಯಜಮಾನರ ಮನೆಗೆ ಓಡಿದ. "ಪೆರಿಯಪ್ಪಾ, ನನ್ನ ಕಾರಿ ಮೇಲೂ ಕುಂದುಂಟು. ಅವ್ನು ಕಳ್ಳ. ಸೋಂಬೇರಿ. ಬರ್ಕೊಳಿ. ನನಗೂ ಕಬ್ಬು ಕೊಡಿ."

ಒಬ್ಬನಿಗೆ ಒಪ್ಪಿದರೆ ಎಲ್ಲರಿಗೂ ಒಪ್ಪಬೇಕು. ಕಾಳಿಮುತ್ತು ಇನ್ನೊಂದು ದಿನ ಗೊತ್ತುಮಾಡಿ ಮತ್ತೊಮ್ಮೆ ಕುಂದು ಕೇಳಿದರು. ನಿನ್ನೆಯವರೆಗೆ ತಮ್ಮ ತಮ್ಮ ಹೋರಿಯನ್ನು ದೇವರೆಂದು ಹೊಗಳುತ್ತಿದ್ದವರೇ ಎದ್ದೆದ್ದು ನಿಂತು ಅವುಗಳ ಮಾನ ಹರಾಜು ಹಾಕಿದರು. ಒಂದು ಹೋರಿಗೆ ಕಣ್ಣು ಮೆಳ್ಳೆ, ಒಂದಕ್ಕೆ ಹೆಂಗರುಳು, ಒಂದು ಕೇರಳದ ಕಡೆಗೆ ತಿರುಗಿ ಮಲಗುತ್ತದೆ. ಒಟ್ಟು ಹದಿನೇಳು ವಕೀಲರಾದರು. ಮೂಕಯ್ಯನವರ ಪ್ರಕಾರ ಸೈತಾನನಿಗೆ ಇಷ್ಟು ವಕೀಲರ ಬಲ ಹಿಂದೆಂದೂ ಸಿಕ್ಕಿದ್ದಿಲ್ಲ.

ಪಟ್ಟದ ದಿನ ಬೆಳಿಗ್ಗೆ ತೊಳುವಿನ ಸುತ್ತ ಊರೆಲ್ಲ ಸೇರಿತು. ಸವರಿಮುತ್ತು ಮಾಸ್ತರರೂ ಕುತೂಹಲ ತಡೆಯಲಾರದೆ, ಕೊಡೆ ಹಿಡಿದು ಮೊದಲ ಬಸ್ಸಿಗೆ ಬಂದರು. ಕಾಳಿಮುತ್ತು ತಮಟೆಯವನಿಗೂ ಅರಿಶಿನದ ನೀರಿನ ಬಿಂದಿಗೆ ಹಿಡಿದ ಪೂಜಾರಿಗೂ ಮಾಲೆ ಹಿಡಿದವನಿಗೂ ಒಂದೇ ಮಾತು ಹೇಳಿದ್ದರು: "ಕಬ್ಬು ಕಟ್ ಅಂದದ್ದು ಕೇಳಿದ ಕ್ಷಣ ಶುರು ಮಾಡಿ. ಯೋಚನೆ ಮಾಡ್ಬೇಡಿ."

ಹದಿನೇಳು ಜನ ಹದಿನೇಳು ಕಬ್ಬು ಹಿಡಿದು ಒಳಗಿಳಿದು, ಒಟ್ಟಿಗೇ ಕುಂದು ಹೇಳಲು ಆರಂಭಿಸಿದರು. ಕಳ್ಳ, ಹೇಡಿ, ಮೆಳ್ಳಗಣ್ಣ ಎಂಬ ಗದ್ದಲ ಬೆಟ್ಟಕ್ಕೆ ತಾಗಿ ಹಿಂದಿರುಗಿತು. ಹುಟ್ಟಿದಂದಿನಿಂದ ಒಂದು ಬೈಗುಳ ಕೇಳದ ಹೋರಿಗಳು ಬೆದರಿ, ಎದುರು ಮೂಲೆಗೆ ಸರಿದು, ಊರಿಗೆ ಬಾಲ ತೋರಿಸಿ ನಿಂತುಬಿಟ್ಟವು. ಮಯಿಲ ಎಲ್ಲರಿಗಿಂತ ಹಿಂದೆ.

ಒಂದು ಗಂಟೆ ಕಳೆಯಿತು. ಒಂದು ಹೋರಿಯೂ ತಿರುಗಲಿಲ್ಲ. ಗಂಟಲು ಬತ್ತಿ ವಕೀಲರು ಒಬ್ಬೊಬ್ಬರಾಗಿ ಸುಮ್ಮನಾದರು.

ಇಲ್ಲಿ ಒಂದು ಸಂಗತಿ ಹೇಳಬೇಕು. ಹದಿನಾರು ಜನರ ಉಪವಾಸದಲ್ಲಿ ಇಡ್ಲಿಗೆ ಅಡ್ಡಿಯಿರಲಿಲ್ಲ. ಶಾಸ್ತ್ರವನ್ನು ಅಕ್ಷರಶಃ ಪಾಲಿಸಿದವನು ರಾಮರ್ ಒಬ್ಬನೇ, ನೀರನ್ನೂ ಮುಟ್ಟಿರಲಿಲ್ಲ. ಬಿಸಿಲು ನೆತ್ತಿಗೇರುತ್ತಿತ್ತು. ಅವನು ಬೇಲಿಯಾಚೆ ನಿಂತಿದ್ದ ರಂಗಮ್ಮಾಳ್ ಕಡೆ ನೋಡಿದ. ಆಕೆಯ ಕಣ್ಣು ಮಯಿಲನ ಬೆನ್ನ ಮೇಲಿತ್ತು. ತಾನು ಮಾಡಿದ್ದು ಏನೆಂದು ಅವನಿಗೆ ಮೊದಲ ಬಾರಿಗೆ ಪೂರ್ತಿ ತಿಳಿಯಿತು. ತಿಳಿದ ಕೂಡಲೇ ತಲೆ ಸುತ್ತಿತು. ಮೂಗಿನ ಕೆಳಗೇ ಕಬ್ಬಿತ್ತು, ಹಿಂದಿನ ದಿನ ಕಡಿದದ್ದು, ರಸ ಒಸರುತ್ತಿತ್ತು. ದುಃಖದಲ್ಲಿರುವ ಮನುಷ್ಯ ಕೈಯಲ್ಲಿರುವುದನ್ನು ಬಾಯಿಗಿಡುತ್ತಾನೆ.

ಕಟ್.

ತಮಟೆ ಬಿತ್ತು. ಪೂಜಾರಿ ಯೋಚನೆ ಮಾಡಲಿಲ್ಲ. ಬಿಂದಿಗೆಯ ಅರಿಶಿನದ ನೀರನ್ನೆಲ್ಲ ಸದ್ದು ಬಂದ ಕಡೆಗೆ ಎರಚಿದ. ಮಾಲೆ ಹಿಡಿದಿದ್ದವನು ಎದುರಿದ್ದ ಕೊರಳಿಗೆ ಹಾಕಿದ. ನೀರು, ಗದ್ದಲ ಎಲ್ಲ ಇಳಿದಾಗ ತೊಳುವಿನ ನಡುವೆ ರಾಮರ್ ಹಳದಿಯಾಗಿ, ಚೆಂಡುಹೂವಿನ ಮಾಲೆ ಧರಿಸಿ, ಬಾಯಲ್ಲಿ ಕಬ್ಬಿನ ತುದಿ ಕಚ್ಚಿಕೊಂಡು ನಿಂತಿದ್ದ.

ಊರೆಲ್ಲ ಬೇಲಿಗೆ ಬಾಗಿತು.

"ಪೆರಿಯಪ್ಪಾ," ಎಂದ ಶಕ್ತಿವೇಲ್, "ತೊಳುವಿನೊಳಗೆ ಮೊದಲು ಕಬ್ಬು ಕಚ್ಚಿದವನಿಗೆ ಪಟ್ಟ. ಕಟ್ಟಳೆ ಅಷ್ಟೇ ತಾನೆ?"

ಕಾಳಿಮುತ್ತು ಮುನಿಯಮ್ಮಾಳ್ ಕಡೆ ನೋಡಿದರು. ಅಜ್ಜಿ, "ನಾಲ್ಕು ಕಾಲಿರಬೇಕು ಅಂತ ನನ್ನ ಅತ್ತೆ ಹೇಳಿದ್ದು ಗ್ಯಾಪಕ ಇಲ್ಲ" ಎಂದಳು. "ಪಟ್ಟ ಆದವನನ್ನ ನೊಗಕ್ಕೆ ಕಟ್ಟಂಗಿಲ್ಲ, ಕೆಲಸ ಹೇಳಂಗಿಲ್ಲ. ಅದು ಮಾತ್ರ ಗ್ಯಾಪಕ ಐತೆ."

ಆಗ ಬೇಲಿಯಾಚೆಯಿಂದ ಒಂದು ದನಿ ಕೇಳಿತು. ಹದಿನೈದು ದಿನಗಳ ಮೇಲೆ ರಂಗಮ್ಮಾಳ್ ಲಚ್ಚುಮಿಯ ಮಧ್ಯಸ್ಥಿಕೆಯಿಲ್ಲದೆ ಮಾತಾಡಿದ್ದಳು.

"ಹಂಗಾದ್ರೆ ನಮ್ಮ ಗೋಮತಿಯ ಅಪ್ಪನಿಗೆ ಪಟ್ಟ ಆಗಿ ಇಪ್ಪತ್ತು ವರ್ಷ ಆಯ್ತಲ್ಲ ಪೆರಿಯಪ್ಪಾ! ಮಗಳು ಹುಟ್ಟಿದ ದಿನದಿಂದ ಇವರು ನೊಗ ಮುಟ್ಟಿದ್ದನ್ನ ನಾ ಕಾಣೆ!"

ಊರು ಹೊಟ್ಟೆ ಹಿಡಿದು ನಕ್ಕಿತು. ಕಾಳಿಮುತ್ತು ನಕ್ಕರು, ಪೂಜಾರಿ ಬಿಂದಿಗೆ ಕೆಳಗಿಟ್ಟು ನಕ್ಕ. ಆ ನಗೆಯ ನಡುವೆ ಎದುರು ಮೂಲೆಯಲ್ಲಿ ಒಂದು ಬೂದು ತಲೆ ತಿರುಗಿತು. ಗಂಜಿ ಕುಡಿಸಿದ ಕೈಯ ಜೊತೆಗಿದ್ದ ದನಿ ಅದು; ಮಯಿಲನಿಗೆ ಮರೆಯುವುದುಂಟೆ? ಹಿಂಡನ್ನು ಬಿಡಿಸಿಕೊಂಡು, ಅಳೆದು ಇಟ್ಟಂಥ ಅದೇ ಹೆಜ್ಜೆಯಲ್ಲಿ ಅವನು ನೇರ ಬೇಲಿಯತ್ತ ಬಂದ. ದಾರಿಗೆ ಅಡ್ಡವಾಗಿ ಹಳದಿಬಣ್ಣದ ರಾಮರ್ ನಿಂತಿದ್ದ. ಮಯಿಲ ಒಮ್ಮೆ ಮೂಸಿದ. ರಾಮರ್ ಬಾಯಲ್ಲಿದ್ದ ಕಬ್ಬಿನ ಇನ್ನೊಂದು ತುದಿಯನ್ನು ಕಚ್ಚಿ, ತಲೆ ಒದರಿ ಕಿತ್ತುಕೊಂಡು, ಆಕಳಿಸಿದ. ಆಮೇಲೆ ಅಗಿಯತೊಡಗಿದ.

ಮುನಿಯಮ್ಮಾಳ್ ಕೋಲೂರಿ ಎದ್ದಳು. "ಮುಗೀತಲ್ಲಪ್ಪಾ! ಕುಂದು ಹೇಳ್ದವನ ಕೈಯಿಂದ ತಗಂಡ್ರೆ ಸಾಕಿತ್ತು. ಇವ್ನು ಕುಂದು ಹೇಳಿದ ಬಾಯಿಂದಲೇ ಕಿತ್ಕೊಂಡವ್ನೆ. ಇದಕ್ಕಿಂತ ಇನ್ನೇನು ಬೇಕ್ರಲಾ?"

ಯಾರಿಗೂ ಇನ್ನೇನೂ ಬೇಡವಾಗಿತ್ತು. ಆದರೂ ಕಾಳಿಮುತ್ತು ಶಾಸ್ತ್ರಕ್ಕೆ ತಪ್ಪಲಿಲ್ಲ. "ಮಯಿಲನ ಪಟ್ಟಕ್ಕೆ ಯಾರಿಗಾದ್ರೂ ಕುಂದುಂಟಾ?" ಎಂದು ಕೇಳಿದರು. ಶಕ್ತಿವೇಲ್ ತನ್ನ ಕಬ್ಬನ್ನು ಬೆನ್ನ ಹಿಂದೆ ಮರೆಮಾಡಿದ. ಎರಡನೆಯ ಸಲ ಕೇಳಿದಾಗ ಇನ್ನೊಂದಷ್ಟು ಜಲ್ಲೆಗಳು ಮಾಯವಾದವು. ಮೂರನೆಯ ಸಲ ಕೇಳಿದಾಗ, ಮಾಲೆ ಸರಿಪಡಿಸಿಕೊಳ್ಳುತ್ತಿದ್ದ ರಾಮರ್‌ಗೆ ಏನೋ ನೆನಪಾಗಿ ಬಾಯಿ ತೆರೆಯಿತು. "ರೋಮಿನಲ್ಲಿ..." ಎಂದ. ರಂಗಮ್ಮಾಳ್ ತಿರುಗಿ ನೋಡಿದಳು. ಬಾಯಿ ಮುಚ್ಚಿತು.

ಪರಿವಟ್ಟವನ್ನು ಮನೆಯ ಗಂಡಸಿನ ತಲೆಗೆ ಕಟ್ಟುವುದು ರೂಢಿ. ಆದರೆ ಕೊರಳಿಗೆ ಪಟ್ಟದ ಮಾಲೆ ಬಿದ್ದವನಿಗೆ ಪರಿವಟ್ಟವನ್ನೂ ಕಟ್ಟಬಹುದೇ ಎಂಬ ಪ್ರಶ್ನೆ ಬಂತು. ಕಟ್ಟಬಾರದೆಂದು ಕಾಳಿಮುತ್ತು ತೀರ್ಮಾನಿಸಿದರು. ಹಾಗಾಗಿ ತೊಳುಪಟ್ಟಿಯಲ್ಲಿ ಮೊದಲ ಬಾರಿಗೆ ದೇವರ ವಸ್ತ್ರವನ್ನು ಒಬ್ಬ ಹೆಂಗಸಿನ ತಲೆಗೆ ಸುತ್ತಿದರು. ರಂಗಮ್ಮಾಳ್ ಅದನ್ನು ಸುತ್ತಿಸಿಕೊಂಡು ಮಯಿಲನ ಹಣೆ ಮುಟ್ಟಿದಳು. ಆಮೇಲೆ ಅದೇ ವಸ್ತ್ರದ ಸೆರಗಿನಿಂದ ಗಂಡನ ಮುಖದ ಅರಿಶಿನ ಒರೆಸಿ, "ಬನ್ನಿ, ಕಳಿ ಆರೋಗ್ತದೆ" ಎಂದಳು.

ಹೋಗುವಾಗ ಯಾರೋ ಸವರಿಮುತ್ತು ಮಾಸ್ತರರನ್ನು, ರೋಮಿನಲ್ಲಿಯೂ ಹೀಗೇ ಮುಗಿಯುತ್ತಿತ್ತೇ ಎಂದು ಕೇಳಿದರು. ಮಾಸ್ತರರು ಕೊಡೆ ಬಿಚ್ಚುತ್ತ, "ಅಲ್ಲಿ ವಕೀಲರಿಗೆ ಕಬ್ಬು ಕೊಡುತ್ತಿರಲಿಲ್ಲ" ಎಂದರಂತೆ.

ಮೂಕಯ್ಯನವರು ಕಥೆಯನ್ನು ಇಲ್ಲಿಗೆ ನಿಲ್ಲಿಸಿ ಹುಣಸೆಮರಕ್ಕೆ ಒರಗಿದರು. ತೊಳುವಿನೊಳಗೆ ಮಯಿಲ ಮೆಲುಕು ಹಾಕುತ್ತಿದ್ದ. ದೂರದ ರಸ್ತೆಯಲ್ಲಿ ಲಾರಿಯೊಂದು ಹಾರ್ನ್ ಹೊಡೆಯಿತು. ಅರಸನ ಮುಂಗಾಲು ಸ್ವಲ್ಪ ನಡುಗಿದಂತೆ ಕಂಡಿತು. ಕೇಳುಗರು ಒಬ್ಬರ ಮುಖವನ್ನೊಬ್ಬರು ನೋಡಿದರು.

"ನಾ ಹೇಳಿದ ಕಥೆಲಿ ಯಾರಿಗಾದ್ರೂ ಕುಂದುಂಟಾ?" ಎಂದರು ಮೂಕಯ್ಯ. ಯಾರೂ ಮಾತಾಡಲಿಲ್ಲ. ಎರಡನೆಯ ಸಲ ಕೇಳಿದರು. ಮೂರನೆಯ ಸಲ ಕೇಳುವಷ್ಟರಲ್ಲಿ ಏಳು ಜನರೂ ಎದ್ದು, ಪಂಚೆ ಕೊಡವಿಕೊಂಡು, ಬಾಯಿ ಬಿಗಿಹಿಡಿದು ತಮ್ಮ ತಮ್ಮ ಮನೆಯ ದಾರಿ ಹಿಡಿದಿದ್ದರು.